ಮುಪ್ಪಿನ ಸ್ನಾಯುವಿಗೆ ಗಣಕಯಂತ್ರದ ಕನ್ನಡಿ

ಮುಪ್ಪು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ನರೆತ ಕೂದಲು, ಸುಕ್ಕುಗಟ್ಟಿದ ಚರ್ಮ, ಮಂಜಾದ ದೃಷ್ಟಿ. ಆದರೆ ಮನುಷ್ಯನನ್ನು ನಿಜವಾಗಿ ಪರಾಧೀನನನ್ನಾಗಿ ಮಾಡುವ ಮುಪ್ಪು ಇವುಗಳಲ್ಲಿಲ್ಲ. ಕೂದಲು ನರೆತ ಮಾತ್ರಕ್ಕೆ ಯಾರ ದಿನಚರಿಯೂ ಕೆಡುವುದಿಲ್ಲ. ಕಣ್ಣಿನ ಕೊರತೆಯನ್ನು ಕನ್ನಡಕ ಬಹುಮಟ್ಟಿಗೆ ನೀಗಿಸುತ್ತದೆ. ಮಣೆಯಿಂದ ಏಳಲು ಮಗನ ಕೈ ಬೇಕು, ಮೆಟ್ಟಲಿಳಿಯಲು ಸೊಸೆಯ ಹೆಗಲು ಬೇಕು ಎಂಬ ದಿನ ಬಂದಾಗಲೇ ಹಿರಿಯರು ತಮಗೆ ವಯಸ್ಸಾಯಿತೆಂದು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದು. ಮುಪ್ಪಿನ ಈ ಮುಖಕ್ಕೆ ಮುಖ್ಯ ಕಾರಣ ನಮ್ಮ ಸ್ನಾಯುಗಳು.

ಈ ವಿಷಯದತ್ತ ನನ್ನ ಗಮನ ಹರಿದುದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ. ಕೆಲವು ವರ್ಷಗಳ ಹಿಂದೆ, ಆಟಿಯ ಮಳೆಯಲ್ಲಿ, ಹಟ್ಟಿಯಿಂದ ಬರುತ್ತಿದ್ದ ನನ್ನ ತಾಯಿಯವರು ಅಂಗಳಕ್ಕೆ ಹಾಸಿದ್ದ ಅಡಿಕೆಸೋಗೆಗೆ ಕಾಲು ತೊಡರಿ ಬಿದ್ದರು. ಆಗ ಅವರಿಗೆ 71 ವರ್ಷ. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಮನೆಮಂದಿಯೆಲ್ಲ ಒಂದೇ ಕಂಠದಿಂದ, “ದುಡಿದದ್ದು ಸಾಕಮ್ಮ, ಇನ್ನು ಸುಮ್ಮನೆ ಕುಳಿತುಕೋ” ಎಂದೆವು. ನೀರು ಬೇಕೆಂದರೆ ನೀರು, ಎಲೆಯಡಿಕೆ ಬೇಕೆಂದರೆ ಎಲೆಯಡಿಕೆ ಕುಳಿತಲ್ಲಿಗೇ ಬರತೊಡಗಿತು. ಮರುವರ್ಷದ ದೀಪಾವಳಿಗೆ ಗೋಪೂಜೆಯ ಹೊತ್ತಿನಲ್ಲಿ ಅವರನ್ನು ಹಟ್ಟಿಗೆ ಕರೆದೊಯ್ಯಲು ಇಬ್ಬರು ಬೇಕಾಯಿತು. “ವಯಸ್ಸಾಯಿತಲ್ಲ” ಎಂದು ನಾವು ನಮ್ಮನ್ನೇ ಸಮಾಧಾನಪಡಿಸಿಕೊಂಡೆವು. ಪರೀಕ್ಷಿಸಿದ ವೈದ್ಯರು ಮಾತ್ರ ಸಮಾಧಾನಪಡಲಿಲ್ಲ. “ಇದರಲ್ಲಿ ವಯಸ್ಸಿನ ಪಾಲೆಷ್ಟು, ನೀವು ಕೂರಿಸಿದ ಪಾಲೆಷ್ಟು?” ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿ ಕುತೂಹಲಕರವಾದುದು. ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಗಣಕಯಂತ್ರದ ಮುಂದಿಟ್ಟಿದ್ದಾರೆ. ಮುದುಕರ ನಡಿಗೆ ಕುಗ್ಗುವುದಕ್ಕೆ ಸ್ನಾಯು, ನರ, ಎಲುಬು ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದನ್ನು ಲೆಕ್ಕದ ಮೂಲಕ ಬಿಡಿಸಿ ನೋಡಿದ್ದಾರೆ.

ಸೇದುವ ಹಗ್ಗ

ಮೊದಲು ಸ್ನಾಯು ಕೆಲಸಮಾಡುವ ಬಗೆಯನ್ನು ನೋಡೋಣ. ಎಲುಬುಗಳನ್ನು ಚಲಿಸುವ ಸ್ನಾಯುಗಳು ನಮ್ಮ ದೇಹದಲ್ಲಿ 600ಕ್ಕಿಂತಲೂ ಹೆಚ್ಚು. ಪ್ರತಿಯೊಂದು ಸ್ನಾಯುವೂ ಸಹಸ್ರಾರು ಸಣ್ಣ ತಂತುಗಳ ಕಟ್ಟು. ತಂತುವಿನೊಳಗೆ ಇನ್ನೂ ಸೂಕ್ಷ್ಮವಾದ ಎರಡು ಬಗೆಯ ಎಳೆಗಳಿವೆ: ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ಸ್ನಾಯು ಸಂಕೋಚಗೊಳ್ಳುವಾಗ ಈ ಎಳೆಗಳು ಸ್ವತಃ ಕುಗ್ಗುವುದಿಲ್ಲ. ಒಂದರ ನಡುವೆ ಒಂದು ಜಾರಿಕೊಳ್ಳುತ್ತವೆ. 1954ರಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್‌ಗೆರ್ಕೆ ಅವರ ಜೋಡಿಯೂ, ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರ ಜೋಡಿಯೂ ಬೇರೆಬೇರೆಯಾಗಿ ದುಡಿದು ಈ ತತ್ವವನ್ನು ಏಕಕಾಲಕ್ಕೆ ಪ್ರಕಟಿಸಿದರು.

ಬಾವಿಯಿಂದ ನೀರು ಸೇದುವ ಚಿತ್ರವನ್ನು ನೆನೆದರೆ ಈ ತತ್ವ ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ. ಒಂದು ಕೈ ಹಗ್ಗವನ್ನು ಹಿಡಿದೆಳೆಯುತ್ತದೆ, ಬಿಡುತ್ತದೆ. ಅಷ್ಟರಲ್ಲಿ ಇನ್ನೊಂದು ಕೈ ಮುಂದೆ ಹಿಡಿದಿರುತ್ತದೆ. ಮಯೋಸಿನ್ ಎಳೆಯ ಮೇಲಿರುವ ಅಸಂಖ್ಯ ಪುಟ್ಟ ತಲೆಗಳು ಆಕ್ಟಿನ್ ಎಂಬ ಹಗ್ಗವನ್ನು ಹೀಗೆಯೇ ಹಿಡಿದೆಳೆದು ಬಿಡುತ್ತವೆ. ಹಗ್ಗ ನಿಧಾನವಾಗಿ ಸಾಗುವಾಗ ಬಹಳ ಕೈಗಳು ಬಿಗಿಹಿಡಿತದಲ್ಲಿರುತ್ತವೆ, ಆದುದರಿಂದ ಬಲ ಹೆಚ್ಚು. ಹಗ್ಗ ವೇಗವಾಗಿ ಓಡುವಾಗ ಹಿಡಿತಕ್ಕೆ ಸಿಕ್ಕುವ ಕೈಗಳು ಕಡಿಮೆ, ಆದುದರಿಂದ ಬಲವೂ ಕಡಿಮೆ. ತುಂಬಿದ ಕೊಡಪಾನವನ್ನು ಸರ್ರನೆ ಸೇದಲಾಗದು, ಬರಿಯ ಹಗ್ಗವನ್ನು ಸೇದಬಹುದು ಎಂಬುದು ನಮ್ಮ ಹೆಂಗಸರಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾದ ಮಾತಲ್ಲ.

ಆದರೆ ಈ ಅನುಭವವನ್ನು ಅಂಕೆಗಳಲ್ಲಿ ಹಿಡಿದಿಟ್ಟ ಕೀರ್ತಿ ಇಂಗ್ಲೆಂಡಿನ ಎ. ವಿ. ಹಿಲ್ ಅವರಿಗೆ ಸಲ್ಲಬೇಕು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಬಳಿಕ ಶರೀರಶಾಸ್ತ್ರಕ್ಕೆ ಬಂದ ಹಿಲ್, ಸ್ನಾಯುವಿನಲ್ಲಿ ಹುಟ್ಟುವ ಶಾಖದ ಬಗೆಗಿನ ಸಂಶೋಧನೆಗಾಗಿ 1922ರ ನೊಬೆಲ್ ಪಾರಿತೋಷಕವನ್ನು ಜರ್ಮನಿಯ ಆಟೊ ಮೆಯೆರ್‌ಹಾಫ್ ಅವರೊಂದಿಗೆ ಹಂಚಿಕೊಂಡರು. 1938ರಲ್ಲಿ ಅವರು ಕಪ್ಪೆಯ ತೊಡೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿ, ಬಲಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಒಂದು ಚಿಕ್ಕ ಸಮೀಕರಣದಲ್ಲಿ ಬರೆದರು. ಇದೇ ಹಿಲ್ 1943–44ರಲ್ಲಿ ಭಾರತಕ್ಕೆ ಬಂದು, ನಮ್ಮ ದೇಶದ ವೈಜ್ಞಾನಿಕ ಸಂಶೋಧನೆಯ ಸ್ಥಿತಿಗತಿಗಳನ್ನು ಕುರಿತು ಒಂದು ವರದಿಯನ್ನೂ ಸಿದ್ಧಪಡಿಸಿದ್ದರೆಂಬುದು ನೆನೆಯತಕ್ಕ ಸಂಗತಿ.

ಯಂತ್ರದೊಳಗೆ ನಡೆಯುವ ಕಾಲು

ಹಿಲ್ ಇದನ್ನು ಬರೆದ ಕಾಲದಲ್ಲಿ ಇಂದಿನಂಥ ಗಣಕಯಂತ್ರವಿರಲಿಲ್ಲ. ಅವರ ಸಮೀಕರಣ ಮುಂದೆ ಅದರ ಮಡಿಲಿಗೆ ಬಿದ್ದಾಗ ಒಂದು ಹೊಸ ಶಾಸ್ತ್ರವೇ ಬೆಳೆಯಿತು. 1989ರಲ್ಲಿ ಫೆಲಿಕ್ಸ್ ಝಾಜಾಕ್ ಎಂಬವರು ಸ್ನಾಯು ಮತ್ತು ಸ್ನಾಯುರಜ್ಜುಗಳೆರಡನ್ನೂ ಸೇರಿಸಿ, ಯಾವ ಸ್ನಾಯುವಿಗಾದರೂ ಒಗ್ಗಿಸಿಕೊಳ್ಳಬಹುದಾದ ಗಣಿತದ ಮಾದರಿಯನ್ನು ವಿವರಿಸಿದರು. ಮರುವರ್ಷ ಸ್ಕಾಟ್ ಡೆಲ್ಪ್ ಮತ್ತು ಸಂಗಡಿಗರು ಸೊಂಟದಿಂದ ಕೆಳಗಿನ ಎಲುಬು, ಕೀಲು, ಸ್ನಾಯುಗಳನ್ನೆಲ್ಲ ಗಣಕಯಂತ್ರದೊಳಗೆ ಜೋಡಿಸಿ ತೋರಿಸಿದರು. 2007ರಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಈ ಬಗೆಯ ಲೆಕ್ಕಕ್ಕೆ ‘ಓಪನ್‌ಸಿಮ್’ ಎಂಬ ಸಾಧನವನ್ನು ಉಚಿತವಾಗಿ ಒದಗಿಸಿದ್ದಾರೆ.

ಇಂಥ ಮಾದರಿಯಲ್ಲಿ ರಕ್ತವಿಲ್ಲ, ಮಾಂಸವಿಲ್ಲ, ಇರುವುದೆಲ್ಲ ಅಂಕೆಗಳು. ಒಂದೊಂದು ಸ್ನಾಯುವಿಗೂ ಕೆಲವೇ ಗುಣಗಳನ್ನು ಕೊಡುತ್ತಾರೆ. ಅದು ಎಳೆಯಬಲ್ಲ ಗರಿಷ್ಠ ಬಲವೆಷ್ಟು? ಸಂಕೋಚಗೊಳ್ಳಬಲ್ಲ ಗರಿಷ್ಠ ವೇಗವೆಷ್ಟು? ನರದ ಆಜ್ಞೆ ಬಂದ ಮೇಲೆ ಬಿಗಿಯಲು, ಆಜ್ಞೆ ನಿಂತ ಮೇಲೆ ಸಡಿಲಗೊಳ್ಳಲು ಎಷ್ಟು ಹೊತ್ತು ಬೇಕು? ಸುಮ್ಮನಿದ್ದಾಗ ಅದರ ಬಿಗುವೆಷ್ಟು? ಈ ಅಂಕೆಗಳನ್ನು ಕೊಟ್ಟು ಆಜ್ಞೆಯಿತ್ತರೆ, ಯಂತ್ರದೊಳಗಿನ ಕಾಲು ಮಡಚುತ್ತದೆ, ನೀಳುತ್ತದೆ, ಹೆಜ್ಜೆಯಿಡುತ್ತದೆ. ಜೀವಂತ ಮನುಷ್ಯನಲ್ಲಿ ಒಂದು ಗುಣವನ್ನು ಮಾತ್ರ ಮುದಿಯಾಗಿಸಿ ಉಳಿದುದನ್ನು ಯೌವನದಲ್ಲಿಯೇ ಇಟ್ಟು ನೋಡುವುದು ಯಾರಿಗೂ ಸಾಧ್ಯವಿಲ್ಲ. ಯಂತ್ರದ ಕಾಲಿನಲ್ಲಿ ಅದು ಸಾಧ್ಯ. ಈ ವಿದ್ಯೆಯ ಮುಖ್ಯ ಪ್ರಯೋಜನ ಇದೇ.

ಎಪ್ಪತ್ತರ ಅಂಕೆಗಳು

ವಯಸ್ಸು ಸ್ನಾಯುವಿಗೆ ಮಾಡುವುದೇನು? 1988ರಲ್ಲಿ ಸ್ವೀಡನ್ನಿನ ಜಾನ್ ಲೆಕ್ಸೆಲ್ ಮತ್ತು ಸಂಗಡಿಗರು, ಬದುಕಿದ್ದಾಗ ಆರೋಗ್ಯದಿಂದಿದ್ದ 43 ಮಂದಿ ಪುರುಷರ ತೊಡೆಯ ಸ್ನಾಯುವನ್ನು ಮರಣಾನಂತರ ಅಡ್ಡಕೊಯ್ದು ಪರಿಶೀಲಿಸಿದರು. ಅವರ ವಯಸ್ಸು 15ರಿಂದ 83ರವರೆಗೆ ಇತ್ತು. 20ರಿಂದ 80 ವರ್ಷದೊಳಗೆ ಸ್ನಾಯುವಿನ ಗಾತ್ರ ಸರಾಸರಿ ಶೇಕಡಾ 40ರಷ್ಟು ಕುಗ್ಗುವುದು ಕಂಡುಬಂತು. ತಂತುಗಳ ಸಂಖ್ಯೆಯೂ ಇಳಿದಿತ್ತು. ಉಳಿದವುಗಳಲ್ಲಿ ಥಟ್ಟನೆ ಬಲ ಕೊಡುವ ಶೀಘ್ರ ತಂತುಗಳು ವಿಶೇಷವಾಗಿ ಸೊರಗಿದ್ದವು. ಬೆನ್ನುಹುರಿಯಿಂದ ಬರುವ ನರಗಳಲ್ಲಿ ಕೆಲವು ಸಾಯುವುದು ಇದಕ್ಕೆ ಒಂದು ಕಾರಣ. ಅನಾಥವಾದ ತಂತುಗಳನ್ನು ಪಕ್ಕದ ನರ ತನ್ನ ಕವಲು ಚಾಚಿ ಸಲಹಲು ನೋಡುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ಅದರಿಂದಾಗುವುದಿಲ್ಲ. ಈ ಸವೆತಕ್ಕೆ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು 1989ರಲ್ಲಿ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಶಬ್ದವನ್ನು ಕನ್ನಡದಲ್ಲಿ ‘ಮಾಂಸದ ಬಡತನ’ ಎನ್ನಬಹುದು.

2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡ್ಯಾರಿಲ್ ಥೆಲೆನ್ ಅವರು ಇಂಥ ಅಳತೆಗಳನ್ನೆಲ್ಲ ಕಲೆಹಾಕಿ, ಹಿಲ್ ಮಾದರಿಯ ಯೌವನದ ಅಂಕೆಗಳನ್ನು ಮುಪ್ಪಿನ ಅಂಕೆಗಳಾಗಿ ತಿದ್ದಿದರು. ಗರಿಷ್ಠ ಬಲವನ್ನು ಶೇಕಡಾ 30ರಷ್ಟು ಇಳಿಸಿದರು. ಗರಿಷ್ಠ ವೇಗವನ್ನು 10ರಿಂದ 8ಕ್ಕೆ, ಎಂದರೆ ಶೇಕಡಾ 20ರಷ್ಟು ತಗ್ಗಿಸಿದರು. ಸ್ನಾಯು ಸಡಿಲಗೊಳ್ಳುವ ಅವಧಿಯ ಅಳತೆಯನ್ನು ಸೆಕೆಂಡಿನ ಸಾವಿರದಲ್ಲಿ 50 ಭಾಗದಿಂದ 60 ಭಾಗಕ್ಕೆ ಏರಿಸಿದರು. ಸುಮ್ಮನಿರುವಾಗಿನ ಬಿಗುವನ್ನೂ ಹೆಚ್ಚಿಸಿದರು. ಬಳಿಕ, ಹೆಜ್ಜೆಯಿಡುವಾಗ ನಮ್ಮನ್ನು ಮುಂದಕ್ಕೆ ತಳ್ಳುವ ಮೀನಖಂಡದ ಸ್ನಾಯುಗಳಿಂದ ಯಂತ್ರದೊಳಗೆ ಕೆಲಸ ಮಾಡಿಸಿ ನೋಡಿದರು.

ಫಲಿತಾಂಶ ವಿಚಾರಾರ್ಹವಾಗಿತ್ತು. ಬಲವನ್ನು ತಗ್ಗಿಸಿದ್ದು ಶೇಕಡಾ 30. ಆದರೆ ಪಾದವನ್ನು ಬಿರುಸಾಗಿ ಚಲಿಸುವಾಗ ಸ್ನಾಯುವಿನ ಸಾಮರ್ಥ್ಯ ಕುಸಿದದ್ದು ಶೇಕಡಾ 40ಕ್ಕಿಂತಲೂ ಹೆಚ್ಚು! ಸುಮಾರು 70 ವರ್ಷದ ಆರೋಗ್ಯವಂತರಲ್ಲಿ ಅದಾಗಲೇ ಅಳೆದು ನೋಡಿದ್ದ ಕುಸಿತವೂ ಇದಕ್ಕೆ ಹತ್ತಿರವಾಗಿಯೇ ಇತ್ತು. ಯಂತ್ರದ ಮುಪ್ಪೂ ಮನುಷ್ಯನ ಮುಪ್ಪೂ ತಾಳೆಯಾದವು.

ಹೀಗೇಕೆ ಆಯಿತೆಂಬುದನ್ನು ಕಾಗದದ ಮೇಲೆಯೇ ತಿಳಿಯಬಹುದು. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ನೂರರಲ್ಲಿ ಬಲ 70ಕ್ಕಿಳಿದು, ವೇಗ 80ಕ್ಕಿಳಿದರೆ, ಎರಡೂ ಸೇರಿ ಉಳಿಯುವುದು ನೂರರಲ್ಲಿ 56 ಮಾತ್ರ. ಎರಡು ಸಣ್ಣ ನಷ್ಟಗಳು ಕೈಗೂಡಿ ಒಂದು ದೊಡ್ಡ ನಷ್ಟವಾಗುತ್ತವೆ. ತೂಕದ ಚೀಲವನ್ನು ಮೆಲ್ಲನೆ ಎತ್ತಬಲ್ಲ ಅಜ್ಜ, ಕಾಲು ತೊಡರಿದಾಗ ಸಾವರಿಸಿಕೊಳ್ಳಲಾರದೆ ಬೀಳುವುದರ ಒಂದು ಕಾರಣ ಇಲ್ಲಿದೆ. ತೊಡರಿದಾಗ ಬೇಕಾಗುವುದು ಬರಿಯ ಬಲವಲ್ಲ. ಕ್ಷಣಾರ್ಧದಲ್ಲಿ ಇನ್ನೊಂದು ಕಾಲನ್ನು ಮುಂದಿಡುವ ವೇಗದ ಬಲ. ಒಂದು ಸ್ನಾಯು ಬಿಗಿಯಬೇಕಾದಾಗ ಎದುರಿನ ಸ್ನಾಯು ಸಡಿಲಗೊಳ್ಳಲು ತಡಮಾಡಿದರಂತೂ ಬ್ರೇಕು ಬಿಡದೆ ಸೈಕಲ್ ತುಳಿದಂತೆ.

ನಮ್ಮ ಅಮ್ಮ ಬಿದ್ದದ್ದು ಸೋಗೆಯ ತಪ್ಪಿನಿಂದಲೂ ಅಲ್ಲ, ಅಜಾಗ್ರತೆಯಿಂದಲೂ ಅಲ್ಲ ಎಂದು ನನಗೆ ಅರ್ಥವಾದುದು ಈ ಗುಣಾಕಾರವನ್ನು ಕಂಡ ಮೇಲೆ.

ಉಳಿದಿರುವ ಬಲ

ಥೆಲೆನ್ ಅವರ ಪಟ್ಟಿಯಲ್ಲಿ ಒಂದು ಸಮಾಧಾನದ ಅಂಕೆಯೂ ಇದೆ. ಸ್ನಾಯು ಕುಗ್ಗುತ್ತ ಎಳೆಯುವುದು ಒಂದು ಕೆಲಸ; ಭಾರಕ್ಕೆ ಎದುರಾಗಿ ಜಗ್ಗಿಕೊಂಡು ನೀಳುವುದು ಇನ್ನೊಂದು. ಕುರ್ಚಿಯಿಂದ ಏಳುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತದೆ. ಮೆಲ್ಲನೆ ಕೂರುವಾಗ ನೀಳುತ್ತ ತಡೆಯುತ್ತದೆ. ಈ ಎರಡನೆಯ ಕೆಲಸದಲ್ಲಿ ಯೌವನದ ಸ್ನಾಯು ತನ್ನ ಸ್ಥಿರಬಲದ 1.4 ಪಟ್ಟು ಕೊಟ್ಟರೆ, ಮುಪ್ಪಿನ ಸ್ನಾಯು ತನ್ನ ಸ್ಥಿರಬಲದ 1.8 ಪಟ್ಟು ಕೊಡುತ್ತದೆಂದು ಅವರು ಇಟ್ಟುಕೊಂಡರು. ಲೆಕ್ಕ ಹಾಕಿ ನೋಡಿ: ಯೌವನದ ಬಲ 100 ಆದರೆ ತಡೆಯುವ ಬಲ 140. ಮುಪ್ಪಿನ ಬಲ 70 ಆದರೆ ತಡೆಯುವ ಬಲ 126. ಏಳುವುದರಲ್ಲಿ ಮೂವತ್ತು ಕಳೆದವರು ತಡೆಯುವುದರಲ್ಲಿ ಕಳೆದುಕೊಂಡದ್ದು ನೂರಕ್ಕೆ ಹತ್ತು ಮಾತ್ರ. ದೊಪ್ಪನೆ ಕೂರುವ ಬದಲು ನಿಧಾನವಾಗಿ ಕುಳಿತುಕೊಳ್ಳುವ ಅಭ್ಯಾಸವನ್ನು ಹಿರಿಯರು ಕೈಗೊಳ್ಳಬಹುದಾದುದು, ಅವರಲ್ಲಿ ಉಳಿದಿರುವ ಈ ಬಂಡವಾಳದಿಂದಲೇ.

ಯಾರ ಪಾಲು ಎಷ್ಟು?

ಇನ್ನು ವೈದ್ಯರ ಪ್ರಶ್ನೆಯ ಹತ್ತಿರಕ್ಕೆ ಬರೋಣ. ಮುದುಕರ ನಡಿಗೆ ನಿಧಾನವಾಗುವುದಕ್ಕೆ ಸ್ನಾಯುವಲ್ಲದೆ ಬೇರೆ ಕಾರಣಗಳೂ ಇವೆಯಷ್ಟೆ? ನರಗಳ ಸಂದೇಶ ತಡವಾಗುತ್ತದೆ, ಕೀಲುಗಳು ಪೆಡಸಾಗುತ್ತವೆ, ಮೈಯ ತೂಕದ ಹಂಚಿಕೆ ಬದಲಾಗುತ್ತದೆ. 2018ರಲ್ಲಿ ಸುಂಗ್‌ಮೂನ್ ಸಾಂಗ್ ಮತ್ತು ಹಾರ್ಟ್‌ಮುಟ್ ಗೈಯರ್ ಎಂಬ ಇಬ್ಬರು ಸಂಶೋಧಕರು ಎಲುಬು, ಸ್ನಾಯು, ನರ ಮೂರನ್ನೂ ಒಳಗೊಂಡ ಮಾದರಿಯನ್ನು ಯಂತ್ರದೊಳಗೆ ನಡೆಸಿ, ಈ ಬದಲಾವಣೆಗಳ ಪರಿಣಾಮವನ್ನು ತೂಗಿ ನೋಡಿದರು. ನಡಿಗೆಯ ವೇಗ ಕುಗ್ಗುವುದಕ್ಕೂ, ಅದೇ ದಾರಿಗೆ ಹೆಚ್ಚು ಶಕ್ತಿ ಖರ್ಚಾಗುವುದಕ್ಕೂ ಪ್ರಧಾನ ಕಾರಣಗಳೆಂದು ಕಂಡುಬಂದವು ಎರಡೇ: ಸ್ನಾಯುವಿನ ಬಲ ತಗ್ಗಿದ್ದು ಮತ್ತು ಅದರ ಸಂಕೋಚನದ ವೇಗ ತಗ್ಗಿದ್ದು. ಹಿರಿಯರ ನಡಿಗೆ ಸುಧಾರಿಸಬೇಕಾದರೆ ಕೈಹಾಕಬೇಕಾದುದು ಸ್ನಾಯುವಿಗೇ ಎಂಬುದು ಇದರ ತಾತ್ಪರ್ಯ.

ಸ್ನಾಯುವಿನ ಗಾತ್ರವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ವಯಸ್ಸಾದಂತೆ ತಂತುಗಳ ನಡುವೆ ಕೊಬ್ಬು ಸೇರಿಕೊಳ್ಳುತ್ತದೆ. ಸ್ನಾಯು ಕುಗ್ಗುವಾಗ ಅದರ ಘನಗಾತ್ರ ಬದಲಾಗದು. ಉದ್ದದಲ್ಲಿ ಕಳೆದುದನ್ನು ದಪ್ಪದಲ್ಲಿ ಪಡೆದು ಉಬ್ಬಲೇಬೇಕು. ತೋಳು ಮಡಚಿದಾಗ ಏಳುವ ದಿಣ್ಣೆ ಇದೇ. 2015ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಜೇಮ್ಸ್ ವೇಕ್‌ಲಿಂಗ್ ಮತ್ತು ಸಂಗಡಿಗರು ಸ್ನಾಯುವಿನ ಮಾದರಿಯೊಳಗೆ ಕೊಬ್ಬನ್ನು ನಾನಾ ಬಗೆಯಲ್ಲಿ ಹರಡಿ ಲೆಕ್ಕಹಾಕಿದರು. ಕೊಬ್ಬು ಸೇರಿದ ಸ್ನಾಯು ಹೆಚ್ಚು ಪೆಡಸಾಗಿ, ಸಲೀಸಾಗಿ ಉಬ್ಬಲಾರದೆ, ಕಡಿಮೆ ಬಲವನ್ನು ಕೊಟ್ಟಿತು. ದಪ್ಪ ತೊಡೆ ಗಟ್ಟಿ ತೊಡೆಯಲ್ಲ ಎಂಬುದಕ್ಕೆ ಇದು ಲೆಕ್ಕದ ಸಾಕ್ಷಿ.

ಹಾಗೆಂದು ಗಣಕಯಂತ್ರ ಹೇಳಿದುದೆಲ್ಲ ವೇದವಾಕ್ಯವೆಂದು ಬಗೆಯಲಾಗದು. ಥೆಲೆನ್ ಅವರ ಅಂಕೆಗಳು ಅನೇಕರ ಸರಾಸರಿ. ನಿಮ್ಮ ಮನೆಯ ಅಜ್ಜಿಯದಲ್ಲ. ಅವರು ಪರೀಕ್ಷಿಸಿದ್ದು ಪಾದದ ಕೀಲನ್ನು ಮಾತ್ರ. ನೋವು, ಹೆದರಿಕೆ, ಬೇಸರ ಇವುಗಳಿಗೆ ಮಾದರಿಯಲ್ಲಿ ಅಂಕೆಗಳಿಲ್ಲ. ಒಮ್ಮೆ ಬಿದ್ದವರ ಮನಸ್ಸಿನಲ್ಲಿ ಕೂರುವ ಭಯ ಎಷ್ಟು ಹೆಜ್ಜೆಗಳನ್ನು ತಿಂದುಹಾಕುತ್ತದೆಂಬುದನ್ನು ಯಾವ ಸಮೀಕರಣವೂ ತಿಳಿಸದು.

ಕೂರಿಸುವ ಪ್ರೀತಿ

ಸ್ನಾಯುವಿನ ನಷ್ಟ ವಿಧಿಲಿಖಿತವಾಗಿದ್ದರೆ ಇಷ್ಟೆಲ್ಲ ತಿಳಿದು ಪ್ರಯೋಜನವೇನು? ಆದರೆ ಅದು ಹಾಗಿಲ್ಲ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಅಮೆರಿಕದ ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ ನಡೆಸಿದ ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಸರಾಸರಿ 90 ವರ್ಷದ 10 ಮಂದಿ ದುರ್ಬಲ ವೃದ್ಧರಿಗೆ 8 ವಾರಗಳ ಕಾಲ, ವೈದ್ಯರ ಕಣ್ಗಾವಲಿನಲ್ಲಿ, ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಮಾಡಿಸಲಾಯಿತು. ಕೊನೆಯವರೆಗೂ ಉಳಿದ 9 ಮಂದಿಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು! ತೊಡೆಯ ಸ್ನಾಯುವಿನ ಗಾತ್ರ ಬೆಳೆದುದು ಸುಮಾರು ಶೇಕಡಾ 9. ಎಂದಮೇಲೆ ನಿದ್ದೆಯಲ್ಲಿದ್ದ ತಂತುಗಳನ್ನು ನರಗಳು ಮತ್ತೆ ಕೆಲಸಕ್ಕೆ ಕರೆದುವೆಂದೇ ತಿಳಿಯಬೇಕು.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನಗಳ ಕಾಲ ಹಾಸಿಗೆಯಲ್ಲಿಯೇ ಇರಿಸಲಾಯಿತು. ಅಷ್ಟರಲ್ಲಿ ಅವರ ಕಾಲುಗಳಿಂದ ಸುಮಾರು 1 ಕಿಲೋಗ್ರಾಂ ಮಾಂಸ ಕರಗಿತ್ತು. ಹತ್ತೇ ದಿನ! ನಾವು ಅಮ್ಮನನ್ನು ಕೂರಿಸಿದ್ದು ಒಂದು ವರ್ಷಕ್ಕೂ ಮೇಲೆ.

ಜಗತ್ತಿನಲ್ಲಿ ಪ್ರತಿವರ್ಷ ಬಿದ್ದು ಸಾಯುವವರ ಸಂಖ್ಯೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತ್ತು. ಅವರಲ್ಲಿ 60 ದಾಟಿದವರೇ ಹೆಚ್ಚು. ಇದೇ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ, 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ, ಮೂರು ದಿನ ಸಮತೋಲವನ್ನು ಬೆಳೆಸುವ ಅಭ್ಯಾಸವನ್ನೂ ಮಾಡಬೇಕು. ಅದಕ್ಕೆ ದೊಡ್ಡ ಸಲಕರಣೆಗಳೇನೂ ಬೇಡ. ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಏಳುವುದು, ಮೆಲ್ಲನೆ ಕೂರುವುದು. ಜಗಲಿಯ ಕಂಬವನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಪಕ್ಕದಲ್ಲಿ ಒಬ್ಬರಿರುವಾಗ ಮೆಟ್ಟಲು ಹತ್ತುವುದು. ಏಳುವಾಗ ತುಸು ಚುರುಕಾಗಿ, ಕೂರುವಾಗ ನಿಧಾನವಾಗಿ ಎಂಬುದು ಮೇಲಿನ ಲೆಕ್ಕಗಳಿಂದ ನಾವು ಕಲಿಯಬಹುದಾದ ಪಾಠ. ಊಟದಲ್ಲಿ ಬೇಳೆಕಾಳು, ಹಾಲು ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಮೀನುಗಳ ಪಾಲು ಕಡಿಮೆಯಾಗಬಾರದು. ಹೃದಯ, ರಕ್ತದೊತ್ತಡ, ಮೂತ್ರಪಿಂಡಗಳ ತೊಂದರೆ ಇರುವವರೂ, ಎಲುಬು ಸವೆದವರೂ ವೈದ್ಯರನ್ನು ಕೇಳದೆ ಇದಾವುದನ್ನೂ ಆರಂಭಿಸತಕ್ಕದ್ದಲ್ಲ.

ನಮ್ಮ ಮನೆಯಲ್ಲಿಯೂ ವೈದ್ಯರ ಮಾತಿನಂತೆ ಅಭ್ಯಾಸ ಆರಂಭವಾಯಿತು. ಮೊದಲ ದಿನ ಅಮ್ಮ ಕುರ್ಚಿಯಿಂದ ಎದ್ದದ್ದು ಎರಡು ಸಲ. ಅದೂ ನನ್ನ ಕೈ ಹಿಡಿದು. “ಸಾಯುವ ಕಾಲದಲ್ಲಿ ನನಗೇಕಪ್ಪ ಈ ಕಸರತ್ತು?” ಎಂದು ಗೊಣಗಿದರು. ತಿಂಗಳುಗಳು ಉರುಳಿದಂತೆ ಎರಡು ಹತ್ತಾಯಿತು. ಕೈ ಹಿಡಿಯುವುದು ತಪ್ಪಿತು. ಅವರೇನೂ ಮತ್ತೆ ಯುವತಿಯಾಗಲಿಲ್ಲ. ಹಾಲು ಕರೆಯುವುದಿಲ್ಲ, ಹುಲ್ಲು ಹೊರುವುದಿಲ್ಲ. ಆದರೆ ಕಳೆದ ದೀಪಾವಳಿಗೆ ಅಂಗಳವನ್ನು ಊರುಗೋಲಿನೊಡನೆ ತಾವೇ ದಾಟಿ, ಹಸುವಿಗೆ ತಮ್ಮ ಕೈಯಿಂದಲೇ ದೋಸೆ ತಿನ್ನಿಸಿ ಬಂದರು. ಸೋಗೆಯ ಅಂಚನ್ನು ನಾವು ಮೊದಲೇ ಸರಿಸಿಟ್ಟಿದ್ದೆವು.

ವಯಸ್ಸಿನ ಪಾಲೆಷ್ಟು, ನಾವು ಕೂರಿಸಿದ ಪಾಲೆಷ್ಟು ಎಂಬ ಪ್ರಶ್ನೆಗೆ ನಿಖರವಾದ ಅಂಕೆ ಈಗಲೂ ನನ್ನಲ್ಲಿಲ್ಲ. ಆದರೆ ವಯಸ್ಸಿನ ಪಾಲನ್ನು ನಾವು ತಿರುಗಿ ಪಡೆಯಲಾಗದು, ನಮ್ಮ ಪಾಲನ್ನು ಬಹುಮಟ್ಟಿಗೆ ಪಡೆಯಬಹುದು ಎಂಬಷ್ಟು ತಿಳಿದುಬಂದಿದೆ. ಹಿರಿಯರಿಗೆ ನೀರಿನ ಲೋಟವನ್ನು ಕುಳಿತಲ್ಲಿಗೆ ತಂದುಕೊಡುವುದು ಪ್ರೀತಿಯೇ ಸರಿ. ಅಡುಗೆಮನೆಯವರೆಗೆ ಅವರ ಜೊತೆಯಲ್ಲಿ ನಡೆದು ಹೋಗುವುದು ಅದಕ್ಕಿಂತ ದೊಡ್ಡ ಪ್ರೀತಿ.